ಪ್ರಶ್ನಾವಳಿಗೆ ಸಿಕ್ಕದ ವರಗಳು

ನಮ್ಮ ಕ್ರೈಸ್ತ ಸಭೆಯಲ್ಲಿ ಆತ್ಮಿಕ ವರಗಳ ಕುರಿತು, ಅಂದರೆ ಪವಿತ್ರಾತ್ಮನು ವಿಶ್ವಾಸಿಗಳಿಗೆ ಕೊಡುವ ಸಾಮರ್ಥ್ಯಗಳ ಕುರಿತು, ಒಂದು ದಿನದ ಅಧ್ಯಯನಕೂಟವಿತ್ತು. ಬಂದವರಿಗೆಲ್ಲ ಮೊದಲು ಪ್ರಶ್ನಾವಳಿ ಹಂಚಿದರು. ‘ಬೋಧಿಸುವಾಗ ನನಗೆ ಸಂತೋಷವಾಗುತ್ತದೆ’, ‘ರೋಗಿಗಳಿಗಾಗಿ ಪ್ರಾರ್ಥಿಸಲು ಮನಸ್ಸು ತುಡಿಯುತ್ತದೆ’ ಎಂಬಂಥ ವಾಕ್ಯಗಳ ಮುಂದೆ ಅಂಕ ಹಾಕಿ ಕೂಡಿಸಿದರೆ ಯಾರಿಗೆ ಯಾವ ವರವಿದೆ ಎಂಬುದು ತಿಳಿಯುತ್ತದಂತೆ. ಪವಿತ್ರಾತ್ಮನು ತನ್ನ ಚಿತ್ತದಂತೆ ಹಂಚಿಕೊಡುತ್ತಾನೆಂದು ಬೈಬಲಿನ ಪತ್ರಿಕೆಯಲ್ಲಿ ಪೌಲನು ಬರೆದದ್ದನ್ನು ಕೂಡುವ ಲೆಕ್ಕದಿಂದ ಪತ್ತೆಹಚ್ಚುವ ಈ ವಿಧಾನ ನನಗೆ ಹಿಡಿಸುವುದಿಲ್ಲ. ಆದರೂ ತುಂಬಿಕೊಟ್ಟೆ.

ಬೆಳಗಿನ ಹೊತ್ತೆಲ್ಲ ಅನ್ಯಭಾಷೆಯ, ಅಂದರೆ ಪವಿತ್ರಾತ್ಮನ ಪ್ರೇರಣೆಯಿಂದ ತಾನು ಕಲಿಯದ ಭಾಷೆಯಲ್ಲಿ ಮಾತನಾಡುವ ವರದ, ಚರ್ಚೆಗೇ ಹೋಯಿತು. ಒಬ್ಬ ಯುವಕ ಎದ್ದು ನಿಂತು, ತಾನು ಬಹಳ ಕಾಲದಿಂದ ಆ ವರಕ್ಕಾಗಿ ಪ್ರಾರ್ಥಿಸುತ್ತಿದ್ದರೂ ಸಿಕ್ಕಿಲ್ಲ, ಅನ್ಯಭಾಷೆಯಾಡದವನಿಗೆ ಪವಿತ್ರಾತ್ಮನೇ ಬಂದಿಲ್ಲವೆಂದು ಯಾರೋ ಹೇಳಿದ್ದಾರೆ, ಅದು ನಿಜವೇ ಎಂದು ಕೇಳಿದ. ಹಿಂದಿನ ಸಾಲಿನಿಂದ ಒಬ್ಬರು, ಆ ವರಗಳೆಲ್ಲ ಯೇಸು ಕಳುಹಿಸಿದ ಅಪೊಸ್ತಲರ ಕಾಲಕ್ಕೇ ಮುಗಿದವು, ಈಗ ಅವಕ್ಕಾಗಿ ಬೇಡುವುದೇ ವ್ಯರ್ಥ ಎಂದರು. ಅಲ್ಲಿಂದ ಮಾತು ಬಿಸಿಯೇರಿತು. ಸಭಾಪಾಲಕರು ಎರಡೂ ಕಡೆಯವರನ್ನು ಕೂರಿಸಿ, ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯನ್ನು ತೆರೆಯಲು ಹೇಳಿದರು. ಎಲ್ಲರೂ ಅನ್ಯಭಾಷೆಯಾಡುತ್ತಾರೇನು ಎಂಬ ಪ್ರಶ್ನೆ 12ನೆಯ ಅಧ್ಯಾಯದಲ್ಲಿದೆ. ಇಲ್ಲ ಎಂಬ ಉತ್ತರವನ್ನು ನಿರೀಕ್ಷಿಸಿಯೇ ಪೌಲನು ಅದನ್ನು ಕೇಳುತ್ತಾನೆ. 14ನೆಯ ಅಧ್ಯಾಯದಲ್ಲಿ ಅವನದೇ ಕಟ್ಟಳೆಯಿದೆ: ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬೊಬ್ಬರಾಗಿ, ಅರ್ಥ ಹೇಳುವವನಿಲ್ಲದಿದ್ದರೆ ಸಭೆಯಲ್ಲಿ ಮೌನ. ಅದೇ ಅಧ್ಯಾಯದ ಕೊನೆಗೆ, ಅನ್ಯಭಾಷೆಯಾಡುವುದಕ್ಕೆ ಅಡ್ಡಿಮಾಡಬೇಡಿರೆಂಬ ಮಾತೂ ಇದೆ. ವಾದ ತೀರಲಿಲ್ಲ, ಧ್ವನಿಗಳು ಮಾತ್ರ ತಗ್ಗಿದವು.

ಊಟದ ನಂತರ ಸಭಾಪಾಲಕರು ಹಲಗೆಯ ಮೇಲೆ ವರಗಳ ಪಟ್ಟಿಗಳನ್ನು ಬರೆದರು. ಕೊರಿಂಥದ ಪತ್ರಿಕೆಯ 12ನೆಯ ಅಧ್ಯಾಯದಲ್ಲೇ ಮೊದಲು 9 ವರಗಳು, ಕೊನೆಯಲ್ಲಿ ಬೇರೊಂದು ಪಟ್ಟಿ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ 7. ಎಫೆಸದವರಿಗೆ ಬರೆದದ್ದರಲ್ಲಿ ಅಪೊಸ್ತಲರು, ಪ್ರವಾದಿಗಳು, ಸುವಾರ್ತೆ ಸಾರುವ ಸೌವಾರ್ತಿಕರು, ಸಭಾಪಾಲಕರು, ಉಪದೇಶಿಗಳು. ಯೇಸುವಿನ ಶಿಷ್ಯ ಪೇತ್ರನಂತೂ ತನ್ನ ಪತ್ರಿಕೆಯಲ್ಲಿ ಮಾತನಾಡುವುದು, ಸೇವೆಮಾಡುವುದು ಎಂದು ಎರಡರಲ್ಲೇ ಮುಗಿಸುತ್ತಾನೆ. ಒಂದು ಪಟ್ಟಿ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ವರಗಳನ್ನು ಎಣಿಸಿ ಮುಗಿಸುವ ಉದ್ದೇಶ ಪೌಲನಿಗೂ ಪೇತ್ರನಿಗೂ ಇರಲಿಲ್ಲವೆಂದೇ ನನ್ನ ಎಣಿಕೆ. ಗುಣಪಡಿಸುವ ವರಕ್ಕೂ ಅನ್ಯಭಾಷೆಗೂ ನಡುವೆ ‘ಆಡಳಿತ’ವೂ ಇರುವುದನ್ನು ಕಂಡು ನಮ್ಮ ಸಭೆಯ ಲೆಕ್ಕಪತ್ರ ನೋಡಿಕೊಳ್ಳುವ ಹಿರಿಯರ ಮುಖ ಅರಳಿತು. ರಸೀದಿ ಕೇಳಿದಾಗಲೆಲ್ಲ ಅವರ ಮೇಲೆ ಗೊಣಗುವವರು ಅಂದು ನಕ್ಕು ಸುಮ್ಮನಾದರು.

ಪ್ರಶ್ನಾವಳಿಯನ್ನು ಖಾಲಿ ಬಿಟ್ಟಿದ್ದ ಸಹೋದರಿಯೊಬ್ಬರು, “ನನಗೆ ನಾನೇ ಅಂಕ ಹಾಕಿಕೊಳ್ಳುವುದು ಹೇಗೆ ಅಯ್ಯನವರೇ?” ಎಂದರು. ವರ ಕೊಟ್ಟಿರುವುದು ಎಲ್ಲರ ಪ್ರಯೋಜನಕ್ಕಾಗಿ ಎಂದ ಮೇಲೆ ಪ್ರಯೋಜನ ಪಡೆದವರನ್ನು ಕೇಳಬೇಕಲ್ಲವೇ? ಸಭಾಪಾಲಕರಿಗೂ ಹಾಗೆಯೇ ಅನ್ನಿಸಿರಬೇಕು. ನಿಮಗೆ ಯಾರಿಂದ ಏನು ದೊರಕಿತು ಎಂಬುದನ್ನು ಹೇಳಿ ಎಂದರು.

ಈಚೆಗೆ ಗಂಡನನ್ನು ಕಳೆದುಕೊಂಡ ಒಬ್ಬಾಕೆ ಬೆಳಿಗ್ಗೆ ಪ್ರಶ್ನೆ ಕೇಳಿದ್ದ ಆ ಯುವಕನತ್ತ ತಿರುಗಿದರು. ಸಾಂತ್ವನ ಹೇಳಲು ಬಂದವರೆಲ್ಲ ವಾಕ್ಯ ಓದಿದರು, ಇದರಲ್ಲಿ ದೇವರ ಚಿತ್ತವೇನಿರಬಹುದೆಂದು ವಿವರಿಸಿದರು. ಇವನು ಸಂಜೆ ಬಂದು ಕುಳಿತು, ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಹೋಗುತ್ತಿದ್ದ ಎಂದರು. ಯುವಕ ಮುಜುಗರದಿಂದ, “ಅದು ವರವಲ್ಲ ಅಕ್ಕಾ, ಏನು ಮಾತನಾಡಬೇಕೋ ನನಗೆ ತಿಳಿಯುತ್ತಿರಲಿಲ್ಲ” ಎಂದ. ರೋಮಾಪುರದವರ ಪಟ್ಟಿಯ ಕೊನೆಯಲ್ಲಿ ಕರುಣೆ ತೋರಿಸುವವನೂ ಇದ್ದಾನೆ, ಅವನು ಅದನ್ನು ಸಂತೋಷದಿಂದ ಮಾಡಲಿ ಎಂದಿದೆ. ಸಭಾಪಾಲಕರು ಹಲಗೆಯ ಮೇಲೆ ಆ ಸಾಲಿನ ಕೆಳಗೆ ಗೆರೆ ಎಳೆದರು, ವ್ಯಾಖ್ಯಾನ ಮಾಡಲಿಲ್ಲ.

ಹೊರಡುವಾಗ ಅವನು, “ಹಾಗಾದರೆ ಅನ್ಯಭಾಷೆಗಾಗಿ ಪ್ರಾರ್ಥಿಸುವುದನ್ನು ಬಿಡಲೇ?” ಎಂದು ಮತ್ತೆ ಕೇಳಿದ. “ಯಾಕಪ್ಪಾ ಬಿಡಬೇಕು? ಕೇಳುತ್ತಿರು” ಎಂದರು ಸಭಾಪಾಲಕರು. “ಮಂಗಳವಾರ ಮಾತ್ರ ಬಿಡುವು ಮಾಡಿಕೊ. ರೋಗಿಗಳನ್ನು ನೋಡಲು ಹೋಗುವುದಿದೆ, ನನ್ನ ಜೊತೆಗೆ ಬಾ.”