ಒಂದು ಟೆಸ್ಟರ್ ಕಮ್ಮಿ

ಐಟಿಐ ಕಾಲೇಜಿನಲ್ಲಿ ಹದಿನಾರು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿದ್ದೇನೆ. ಒಂದು ದಿನವೂ ಸ್ಕ್ರೂಡ್ರೈವರ್ ಎಣಿಸಿರಲಿಲ್ಲ. ಹೋದರೆ ಹೋಯಿತು, ಇಂಡೆಂಟ್ ಹಾಕಿದರೆ ಬೇರೆ ಬರುತ್ತದೆ. ಎಣಿಸೋದು ಕಲಿತದ್ದು ಜೈಲಿನಲ್ಲಿ.

ಕಾಲೇಜಿನ ಕಡೆಯಿಂದ ಕೇಂದ್ರ ಕಾರಾಗೃಹದಲ್ಲಿ ಮೂರು ತಿಂಗಳ ವೈರಿಂಗ್ ತರಬೇತಿ. ಗೇಟಿನಲ್ಲಿ ಮೊಬೈಲ್ ಕೊಟ್ಟು, ಸಹಿ ಹಾಕಿ, ದೊಡ್ಡ ಬಾಗಿಲಿನೊಳಗಿನ ಪುಟ್ಟ ಬಾಗಿಲಲ್ಲಿ ಬಗ್ಗಿ ಒಳಗೆ ಹೋಗಬೇಕು. ಟೂಲ್ಸ್ ಎಲ್ಲ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ. ಕ್ಲಾಸಿಗೆ ಮುಂಚೆ ವಾರ್ಡರ್ ಎಣಿಸಿ ಕೊಡುತ್ತಾರೆ, ಮುಗಿದ ಮೇಲೆ ಎಣಿಸಿ ಒಳಗಿಡುತ್ತಾರೆ. ಹತ್ತು ಟೆಸ್ಟರ್, ಹತ್ತು ಕಟಿಂಗ್ ಪ್ಲೇಯರ್, ಹೀಗೆ.

ಕಾಲೇಜಿನಲ್ಲಿ ಹುಡುಗ ಬರಲಿಲ್ಲ ಅಂದರೆ ಬೈಯುತ್ತೇನೆ. ಇಲ್ಲಿ ಹಾಜರಿ ಕರೆಯುವಾಗ ಒಬ್ಬ ಓ ಅನ್ನದಿದ್ದರೆ ಉಳಿದವರು ಖುಷಿಯಿಂದ "ಬೇಲ್ ಆಯ್ತು ಸಾರ್" ಅನ್ನುತ್ತಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು. ಅದರಲ್ಲಿ 4.34 ಲಕ್ಷ ಮಂದಿ ಇನ್ನೂ ವಿಚಾರಣಾಧೀನರು. ಅವರು ಯಾವಾಗ ಹೊರಡುತ್ತಾರೋ ಯಾರಿಗೆ ಗೊತ್ತು? ಡಿಗ್ರಿ ಓದುವವರದ್ದು ಬೇರೆ ಮಾತು. ದೆಹಲಿಯ ತಿಹಾರ್ ಜೈಲಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯ 1990ರ ದಶಕದಲ್ಲೇ ಕಾಲಿಟ್ಟಿದೆ. ಪುಸ್ತಕವನ್ನಾದರೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋಗಬಹುದು. ನಮ್ಮಲ್ಲಿ ಅರ್ಧ ವೈರಿಂಗ್ ಆದ ಬೋರ್ಡ್ ಒಳಗೇ ಉಳಿಯುತ್ತದೆ. ಬೇಲ್ ಅಂದಾಗ ನನಗೂ ಸಂತೋಷವೇ. ಆದರೂ ಆ ಬೋರ್ಡ್ ನೋಡಿದಾಗೆಲ್ಲ, ಇನ್ನೊಂದು ವಾರ ಇದ್ದಿದ್ದರೆ ಅನ್ನಿಸಿಬಿಡುತ್ತದೆ. ಎಂಥ ಕೆಟ್ಟ ಆಸೆ ಅಲ್ವಾ!

ಅವತ್ತು ಟೂ-ವೇ ಸ್ವಿಚ್ಚಿನ ಪಾಠ. ಮನೆಯ ಮೆಟ್ಟಿಲಿಗೆ ಹಾಕುತ್ತಾರಲ್ಲ, ಕೆಳಗೆ ಹಾಕಿ ಮೇಲೆ ಆರಿಸುವುದು, ಅದು. ಬೋರ್ಡಿನ ಮೇಲೆ ಎರಡು ಸ್ವಿಚ್ಚು, ಒಂದು ಬಲ್ಬು. ಒಬ್ಬಾತ, ನಲವತ್ತರ ಆಸುಪಾಸು, ಕನೆಕ್ಷನ್ ಸರಿಯಾಗಿ ಕೊಟ್ಟ. ಬಲ್ಬ್ ಉರಿಯಿತು. ಆರಿಸಿದ. ಹಾಕಿದ. ಮತ್ತೆ ಆರಿಸಿದ. ಹತ್ತಿಪ್ಪತ್ತು ಸಲ ಮಾಡಿರಬೇಕು. ಸಾಕಪ್ಪ, ಸ್ವಿಚ್ ಹೋಗುತ್ತೆ ಅಂದೆ. ಪಕ್ಕದವ ನಕ್ಕ. "ನಮ್ ಬ್ಯಾರಕ್ಕಿನ ಸ್ವಿಚ್ಚು ಹೊರಗಡೆ ಇರೋದು ಸಾರ್. ರಾತ್ರಿಯೆಲ್ಲ ಲೈಟ್ ಉರೀತಾನೇ ಇರುತ್ತೆ. ಲೈಟ್ ಆರಿಸಿ ನಾಲ್ಕು ವರ್ಷ ಆಯ್ತು ಇವನು."

ನಾನು ಸುಮ್ಮನಾದೆ. ಅವನು ಇನ್ನೂ ಒಂದೆರಡು ಸಲ ಒತ್ತಿದ.

ಕ್ಲಾಸ್ ಮುಗಿಯಿತು. ಪೆಟ್ಟಿಗೆಗೆ ಎಣಿಸಿ ಹಾಕಿದರೆ ಒಂಬತ್ತೇ ಟೆಸ್ಟರ್.

ಟೆಸ್ಟರ್ ಅಂದರೆ ಏನು? ನಮಗೆ ಫೇಸು, ಅಂದರೆ ಕರೆಂಟ್ ಇರುವ ತಂತಿ ಯಾವುದು ಅಂತ ನೋಡುವ ಕಡ್ಡಿ. ಅಲ್ಲಿ ಅದು ಚೂಪಾದ ಕಬ್ಬಿಣ. ಇಪ್ಪತ್ತೆರಡು ಜನರನ್ನೂ ಸಾಲಾಗಿ ಕೂರಿಸಿದರು. ಒಬ್ಬೊಬ್ಬರನ್ನೇ ಎಬ್ಬಿಸಿ ಜೇಬು, ಸೊಂಟ, ಕಾಲಿನ ಹತ್ತಿರ ತಡವಿ ನೋಡಿದರು. ಬೆಂಚು ಮಗುಚಿದರು. ವೈರಿನ ಸುರುಳಿ ಬಿಚ್ಚಿದರು. ನಾನೂ ಬಗ್ಗಿ ಬಗ್ಗಿ ಹುಡುಕಿದೆ. ಸುಳ್ಳು ಯಾಕೆ ಹೇಳಲಿ, ಮನಸ್ಸಿನಲ್ಲೇ ಇಬ್ಬರ ಮೇಲೆ ಅನುಮಾನವನ್ನೂ ಪಟ್ಟೆ. ಮುಕ್ಕಾಲು ಗಂಟೆ ಆಯಿತು. ಮತ್ತೊಂದು ಸಲ ಬಗ್ಗಿದೆ. ಎದೆಗೆ ಏನೋ ಚುಚ್ಚಿತು.

ಶರ್ಟಿನ ಜೇಬಲ್ಲಿ, ಮಡಚಿದ ಹಾಜರಿ ಹಾಳೆಯ ಹಿಂದೆ, ಹತ್ತನೆಯದು ಕೂತಿತ್ತು.

ಹದಿನಾರು ವರ್ಷದ ಅಭ್ಯಾಸ. ಫೇಸು ನೋಡಿದ ಕೂಡಲೇ ಟೆಸ್ಟರ್ ಜೇಬಿಗೆ. ತೆಗೆದು ತೋರಿಸಿದೆ. ವಾರ್ಡರ್ ಏನೂ ಅನ್ನಲಿಲ್ಲ. ಸಾಲಿನಲ್ಲಿ ಕೂತವರೂ ಅಷ್ಟೇ. ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು. ಎಲ್ಲರನ್ನೂ ತಡವಿದರು, ನನ್ನನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ನನಗಂತೂ ಹೊಳೆದೇ ಇರಲಿಲ್ಲ.

ಮುಂದಿನ ಕ್ಲಾಸಿಗೆ ಜೇಬಿಲ್ಲದ ಟೀ ಶರ್ಟ್ ಹಾಕಿಕೊಂಡು ಹೋದೆ. ಎಲ್ಲರಿಗೂ ಅರ್ಥವಾಯಿತು, ನಕ್ಕರು. ಪಾಠದ ನಡುವೆ ಆ ಸ್ವಿಚ್ಚಿನವ ಹತ್ತಿರ ಬಂದ.

"ನೀವು ಜೇಬಿಗೆ ಹಾಕ್ಕೊಂಡಿದ್ದು ನಾನು ನೋಡಿದ್ದೆ ಸಾರ್."

"ಅಯ್ಯೋ, ಮತ್ತೆ ಹೇಳಬಾರದಿತ್ತೇನಪ್ಪ?"

"ನಾನು ಹೇಳಿದ್ರೆ, ನಾನೇ ನಿಮ್ ಜೇಬಿಗೆ ಹಾಕಿದೆ ಅಂತ ಆಗ್ತಿತ್ತು."