ಜೋಡಿಗೆಷ್ಟು ಅಂತ ಕೇಳಬೇಡಿ, ಯಾವೂರಿನದು ಅಂತ ಕೇಳಿ

"ಸಾರ್, ಒಂದು ಪೇರ್ ಎಷ್ಟಾಗುತ್ತೆ?"

ಆಫ್ರಿಕದ ಸರೋವರಗಳ ಅಕ್ವೇರಿಯಂ ಮೀನು ಕೇಳಿಕೊಂಡು ನನಗೆ ಬರುವ ಫೋನ್ ಶುರುವಾಗುವುದೇ ಹೀಗೆ. ಟ್ಯಾಂಕ್ ಎಷ್ಟಡಿ ಅಂತ ಹೇಳಿರುವುದಿಲ್ಲ. ಮನೆಗೆ ಬರುವುದು ಕಾವೇರಿ ನೀರೋ ಬೋರ್ ನೀರೋ ಅಂತ ಕೇಳಿದರೆ "ಮೋಟ್ರು ಹಾಕಿದ್ರೆ ಬರುತ್ತೆ ಸಾರ್" ಅನ್ನುತ್ತಾರೆ. ಮೀನಿನ ಹೆಸರು "ಆ ಹಳದಿ ಆಫ್ರಿಕನ್". ಗಟ್ಟಿಯಾಗಿ ಗೊತ್ತಿರುವುದು ಇಷ್ಟೇ: ಪೇರ್ ಬೇಕು. ಕನ್ಫರ್ಮ್ಡ್ ಬ್ರೀಡಿಂಗ್ ಪೇರ್ ಆದರೆ ಇನ್ನೂ ಒಳ್ಳೆಯದು. ಅದೂ ಒಂದೂವರೆ ಇಂಚಿನದೇ ಆಗಬೇಕು, ದೊಡ್ಡದು ದುಬಾರಿಯಲ್ಲವೇ! ಮೊದಮೊದಲು ಸಮಾಧಾನವಾಗಿ ವಿವರಿಸುತ್ತಿದ್ದೆ. ಈಗ ಆಗುವುದಿಲ್ಲ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಪೇರ್ ಇಲ್ಲ. ಸ್ಟಾಕ್ ಖಾಲಿಯಾಗಿದೆ ಅಂತಲ್ಲ, ಈ ಮೀನುಗಳಲ್ಲಿ ಜೋಡಿ ಅನ್ನುವ ಪದ್ಧತಿಯೇ ಇಲ್ಲ. ಏಂಜಲ್, ಡಿಸ್ಕಸ್ ಸಾಕಿದವರಿಗೆ ಗಂಡು ಹೆಣ್ಣು ಒಟ್ಟಿಗೆ ನಿಂತು ಮೊಟ್ಟೆ ಕಾಯುವುದನ್ನು ನೋಡಿ ರೂಢಿ. ಆಫ್ರಿಕದ ಮಲಾವಿ ಮತ್ತು ವಿಕ್ಟೋರಿಯಾ ಸರೋವರಗಳ, ಬಾಯಲ್ಲಿ ಮರಿ ಮಾಡುವ ಈ ಮೀನುಗಳಲ್ಲಿ, ಅಂದರೆ ಸಿಕ್ಲಿಡ್‌ಗಳಲ್ಲಿ ಗಂಡಿನ ಸಂಸಾರ ಒಂದು ಗಂಟೆಯೊಳಗೆ ಮುಗಿಯುತ್ತದೆ. ಅವನು ಮರಳಿನಲ್ಲಿ ಗುಂಡಿ ತೋಡಿಯೋ ಬಂಡೆ ಸ್ವಚ್ಛ ಮಾಡಿಯೋ ಹೆಣ್ಣನ್ನು ಕರೆಯುತ್ತಾನೆ. ಇಬ್ಬರೂ ಸುತ್ತುತ್ತಾರೆ. ಹೆಣ್ಣು ಒಂದೋ ಎರಡೋ ಮೊಟ್ಟೆ ಇಟ್ಟು, ತಕ್ಷಣ ತಿರುಗಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಗಂಡಿನ ಹಿಂಬದಿಯ ಕೆಳರೆಕ್ಕೆಯ ಮೇಲೆ ಮೊಟ್ಟೆಯಂಥದೇ ಹಳದಿ ಚುಕ್ಕೆಗಳಿರುತ್ತವೆ. ಅದನ್ನೂ ಎತ್ತಿಕೊಳ್ಳಲು ಹೋಗಿ ಬಾಯಿ ಹಾಕಿದಾಗ ವೀರ್ಯ ಒಳಗೆ ಹೋಗಿ, ಮೊಟ್ಟೆ ಬಾಯೊಳಗೇ ಫಲಿತವಾಗುತ್ತದೆ. ಆಮೇಲೆ ಅವನು ಮುಂದಿನ ಹೆಣ್ಣನ್ನು ಕರೆಯುತ್ತಾನೆ, ಇವಳು ಸುಮಾರು ಮೂರು ವಾರ ಉಪವಾಸ.

ಈಗ ನಿಮ್ಮ ಎರಡಡಿ ಟ್ಯಾಂಕಿನಲ್ಲಿ ಒಂದು ಗಂಡು, ಒಂದು ಹೆಣ್ಣು ಹಾಕಿ. ಮುಂದಿನ ಹೆಣ್ಣು ಯಾರು? ಅವಳೇ. ಇಡೀ ದಿನ ಅಟ್ಟಿಸಿಕೊಂಡು ಹೋಗುತ್ತಾನೆ. ಅವಳು ಹೀಟರ್ ಹಿಂದೆ, ನೀರಿನ ಮೇಲ್ಮಟ್ಟದ ಮೂಲೆಯಲ್ಲಿ, ಹರಿದ ಬಾಲದೊಂದಿಗೆ ನಿಂತಿರುತ್ತಾಳೆ. ಬಾಯಲ್ಲಿ ಮೊಟ್ಟೆ ಇದ್ದರೆ ಉಗುಳುತ್ತಾಳೆ, ಇಲ್ಲ ನುಂಗುತ್ತಾಳೆ. ಆಮೇಲೆ ಫೋನ್ ಬರುತ್ತದೆ: "ಸಾರ್, ಹೆಣ್ಣು ಹೋಗ್ಬಿಡ್ತು, ಒಂದು ಹೆಣ್ಣು ಮಾತ್ರ ಕೊಡ್ತೀರಾ?"

ಒಂದೂವರೆ ಇಂಚಿನ "ಕನ್ಫರ್ಮ್ಡ್" ಬಗ್ಗೆಯೂ ಹೇಳಿಬಿಡುತ್ತೇನೆ. ಚಿಂಡೊಂಗೊ ಸೌಲೋಸಿ ತೆಗೆದುಕೊಳ್ಳಿ, ಎಲ್ಲರೂ ಕೇಳುವ ಆ ಹಳದಿ ಮೀನು ಬಹುಪಾಲು ಅದೇ. ಮರಿಗಳೆಲ್ಲ ಹಳದಿ. ಬೆಳೆದ ಹೆಣ್ಣು ಹಳದಿಯಾಗಿಯೇ ಉಳಿಯುತ್ತದೆ, ಗಂಡು ಕಪ್ಪು ಪಟ್ಟೆಯ ನೀಲಿಯಾಗುತ್ತದೆ. ಆದರೆ ಗುಂಪಿನಲ್ಲಿ ಕೆಳಗಿರುವ ಗಂಡು ಏಟು ತಪ್ಪಿಸಿಕೊಳ್ಳಲು ಎಷ್ಟೋ ಕಾಲ ಮಾಸಲು ಹಳದಿಯಲ್ಲೇ ಇರಬಹುದು. ಎರಡು, ಎರಡೂವರೆ ಇಂಚು ದಾಟಿದ ಮೇಲೆ ಮೀನನ್ನು ಒದ್ದೆ ಕೈಯಲ್ಲಿ ಮಗುಚಿ ನೋಡಿದರೆ ತಿಳಿಯುತ್ತದೆ: ಹೆಣ್ಣಿನಲ್ಲಿ ಮೊಟ್ಟೆಯಿಡುವ ರಂಧ್ರ ಗುದಕ್ಕಿಂತ ದೊಡ್ಡದು, ಗಂಡಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಅಳತೆ. ಅದಕ್ಕೆ ಮೊದಲೇ ಕನ್ಫರ್ಮ್ ಅಂದವರು ನಿಮ್ಮ ದುಡ್ಡನ್ನು ಮಾತ್ರ ಕನ್ಫರ್ಮ್ ಮಾಡಿಕೊಂಡಿದ್ದಾರೆ.

ನ್ಯಾಯವಾಗಿ ಹೇಳಬೇಕೆಂದರೆ ಜೋಡಿಯಾಗಿ ಬಾಳುವವೂ ಇವೆ. ಟ್ಯಾಂಗನಿಕಾ ಸರೋವರದ ಎರೆಟ್ಮೋಡಸ್‌ನಲ್ಲಿ ಮೊದಲು ಹೆಣ್ಣು ಬಾಯಲ್ಲಿಟ್ಟುಕೊಂಡು, ಅರ್ಧ ದಾರಿಯಲ್ಲಿ ಮರಿಗಳನ್ನು ಗಂಡಿನ ಬಾಯಿಗೆ ದಾಟಿಸುತ್ತದೆ. ಅದನ್ನು ಕೇಳಿಕೊಂಡು ಬಂದವರು ಇನ್ನೂ ಸಿಕ್ಕಿಲ್ಲ.

ಹಾಗಾದರೆ ಎಷ್ಟು ಬೇಕು? ಸೌಲೋಸಿಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್. ಅಂಚಿನವರೆಗೆ ತುಂಬಿದರೆ 255 ಲೀಟರ್, ಕಲ್ಲು ಮರಳು ಕಳೆದು 200 ಅಂದುಕೊಳ್ಳಿ. ಅದಕ್ಕೆ ಹನ್ನೆರಡು ಮರಿ. ಬೆಳೆದ ಮೇಲೆ ಒಂದು ಗಂಡಿಗೆ ಕನಿಷ್ಠ ನಾಲ್ಕು ಹೆಣ್ಣು ಉಳಿಯುವಂತೆ ಮಿಕ್ಕ ಗಂಡುಗಳನ್ನು ತೆಗೆಯಬೇಕು. ಮೀನು ಹೆಚ್ಚಿದ್ದಷ್ಟೂ ಏಟು ಹಂಚಿಹೋಗುತ್ತದೆ. ಟ್ಯಾಂಗನಿಕಾದ ಇನ್ನೊಂದು ಮೀನು ಟ್ರೋಫಿಯಸ್ ಆದರೆ ಇನ್ನೂ ಕಷ್ಟ: ಐದಡಿ ಟ್ಯಾಂಕ್, ಹದಿನೈದಿಪ್ಪತ್ತರ ಗುಂಪು, ಎಲ್ಲವನ್ನೂ ಒಂದೇ ದಿನ ಬಿಡಬೇಕು. ಆಮೇಲೆ ಒಂದೊಂದಾಗಿ ಸೇರಿಸಿದರೆ ಹೊಸಬನನ್ನು ಕೊಂದೇಬಿಡುತ್ತವೆ. ಕಲ್ಲುಗಳನ್ನು ಮರಳಿನ ಮೇಲಲ್ಲ, ನೇರ ಗಾಜಿನ ತಳದ ಮೇಲೆ ತೆಳು ಥರ್ಮಾಕೋಲ್ ಹಾಕಿ ಜೋಡಿಸಿ, ಆಮೇಲೆ ಮರಳು ಸುರಿಯಿರಿ. ಇವು ಅಗೆಯುವ ಮೀನುಗಳು. ಬುಡ ಸಡಿಲವಾಗಿ ಕಲ್ಲು ಉರುಳಿದರೆ ಗಾಜು ಉಳಿಯುವುದಿಲ್ಲ.

ನೀರಿನ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು, ಈ ಮೀನಿಗೆ ಬೇಕಾದ ಕ್ಷಾರ ಬೋರ್ ನೀರಿನಲ್ಲೇ ಇದೆ, ಆದರೆ ಆ ಅದೃಷ್ಟವನ್ನು ಆರ್‌ಒ ಫಿಲ್ಟರಿನಲ್ಲಿ ತೆಗೆದು ಮೋರಿಗೆ ಬಿಡುತ್ತಾರೆ. "ಮೀನಿಗೆ ಪ್ಯೂರ್ ವಾಟರ್ ಹಾಕಿದ್ದೀನಿ ಸಾರ್" ಅನ್ನುವವರ ಟ್ಯಾಂಕಿನಲ್ಲಿ ಕ್ಷಾರವೇ ಇರುವುದಿಲ್ಲ, ಪಿಎಚ್ ಒಂದು ರಾತ್ರಿಯಲ್ಲಿ ಕುಸಿಯುತ್ತದೆ. ಈ ಮೀನಿಗೆ ಬೇಕಾದ್ದು 7.8ರಿಂದ 8.5. ಬೋರ್ ನೀರನ್ನು ಹಿಡಿದ ತಕ್ಷಣ ಅಳೆಯಬೇಡಿ. ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಕಮ್ಮಿ ತೋರಿಸುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ಏರ್ ಕಲ್ಲು ಹಾಕಿಟ್ಟು ಅಳೆಯಿರಿ. ಟಿಡಿಎಸ್ 800 ಇದ್ದರೂ ಗಾಬರಿ ಬೇಡ, ನೋಡಬೇಕಾದ್ದು ನೈಟ್ರೇಟ್. ನಲ್ಲಿಯಲ್ಲೇ 40 ಪಿಪಿಎಂ ದಾಟಿದ್ದರೆ ನೀರು ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ, ಕಾವೇರಿ ನೀರು ಬೆರೆಸಬೇಕು. ಕಾವೇರಿ ನೀರಿಗೆ ಆ್ಯಂಟಿಕ್ಲೋರಿನ್ ಹಾಕಿ. ಕ್ಷಾರ ಸಾಲದಿದ್ದರೆ 100 ಲೀಟರಿಗೆ 12 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ (ಕ್ಷಾರದ ಅಳತೆ) 4 ಡಿಗ್ರಿ ಏರುತ್ತದೆ, 18 ಗ್ರಾಂ ಎಪ್ಸಮ್ ಸಾಲ್ಟ್‌ಗೆ ಜಿಎಚ್ (ಗಡಸುತನದ ಅಳತೆ) ಅಷ್ಟೇ ಏರುತ್ತದೆ. ಎರಡನ್ನೂ ಹೊಸ ನೀರಿನ ಬಕೆಟ್ಟಿನಲ್ಲಿ ಕರಗಿಸಿ ಹಾಕಿ, ಮೀನಿನ ತಲೆ ಮೇಲೆ ಸುರಿಯಬೇಡಿ. ವಾರಕ್ಕೆ ಮೂರನೇ ಒಂದು ಪಾಲು ನೀರು ಬದಲಾಗಬೇಕು. ಡಿಸೆಂಬರ್, ಜನವರಿಯಲ್ಲಿ 200 ವ್ಯಾಟ್ ಹೀಟರ್ ಇಟ್ಟು ಶಾಖವನ್ನು 26 ಡಿಗ್ರಿಯಲ್ಲಿ ನಿಲ್ಲಿಸಿ.

ಎರಡನೇ ಫೋನ್ ಬರುವುದು ರಾತ್ರಿ. "ಸಾರ್, ಮೀನಿನ ಬಾಯಿ ಊದಿದೆ, ಊಟ ಬಿಟ್ಟಿದೆ, ಯಾವ ಔಷಧಿ ಹಾಕಲಿ?" ಏನೂ ಹಾಕಬೇಡಿ, ಸಿಹಿ ಹಂಚಿ. ಊದಿರುವುದು ಗಲ್ಲದ ಕೆಳಗೋ ಹೊಟ್ಟೆಯೋ ಅಂತ ಪಕ್ಕದಿಂದ ನೋಡಿ. ಮೊಟ್ಟೆ ಹಿಡಿದ ಹೆಣ್ಣಿನ ಕೆಳದವಡೆಯ ಚರ್ಮ ಬಿಗಿದು ಜೋತಿರುತ್ತದೆ, ಬಾಯಿ ಪೂರ್ತಿ ಮುಚ್ಚಿರುವುದಿಲ್ಲ. ಆಗಾಗ ಎಲೆಯಡಿಕೆ ಜಗಿದಂತೆ ದವಡೆ ಆಡಿಸುತ್ತಾಳೆ. ಮೊಟ್ಟೆಗಳನ್ನು ಒಳಗೇ ಹೊರಳಿಸಿ ಗಾಳಿಯಾಡಿಸುವ ಕೆಲಸ ಅದು. ಹತ್ತು ದಿನ ಕಳೆದ ಮೇಲೆ ಟಾರ್ಚ್ ಬೆಳಕಿನಲ್ಲಿ ಆ ತೆಳು ಚರ್ಮದ ಹಿಂದೆ ಕಪ್ಪು ಚುಕ್ಕೆಗಳು ಕಾಣುತ್ತವೆ, ಮರಿಗಳ ಕಣ್ಣು. ಊದಿರುವುದು ಹೊಟ್ಟೆಯಾಗಿದ್ದು, ಬಿಳಿ ದಾರದಂಥ ಮಲ ನೇತಾಡುತ್ತಿದ್ದರೆ ಮಾತ್ರ ಅದು ಬ್ಲೋಟ್ ಅನ್ನುವ ಕಾಯಿಲೆ. ಪಾಚಿ ಕೆರೆದು ತಿನ್ನುವ ಮೀನಿಗೆ ಟ್ಯೂಬಿಫೆಕ್ಸ್, ಬ್ಲಡ್‌ವರ್ಮ್ ತಿನ್ನಿಸಿದರೆ ಅದಕ್ಕೆ ದಾರಿ ಮಾಡಿಕೊಟ್ಟಂತೆ. ಸ್ಪಿರುಲಿನಾ ಪೆಲೆಟ್ ಸಾಕು, ಅದೂ ಮಿತವಾಗಿ.

ಹೆಣ್ಣನ್ನು ಬೇರೆ ಮಾಡುವುದು ಸುಮಾರು ಹನ್ನೆರಡನೇ ದಿನಕ್ಕೆ. ಮೊದಲೇ ಹಿಡಿದರೆ ಉಗುಳುತ್ತಾಳೆ. ಲೈಟ್ ಆರಿಸಿ ಒಂದು ಗಂಟೆ ಬಿಟ್ಟು, ಬಲೆಯಿಂದ ಡಬ್ಬಿಯೊಳಕ್ಕೆ ನೂಕಿ, ನೀರಿನ ಸಮೇತ ಎತ್ತಿ. ಎರಡಡಿ ಟ್ಯಾಂಕ್, ಹಳೇ ಟ್ಯಾಂಕಿನದೇ ನೀರು, ಈಗಾಗಲೇ ಓಡುತ್ತಿರುವ ಸ್ಪಂಜ್ ಫಿಲ್ಟರ್, ಎರಡು ತುಂಡು ಪಿವಿಸಿ ಪೈಪ್ ಸಾಕು. ಪವರ್ ಫಿಲ್ಟರ್ ಹಾಕಿದರೆ ಮರಿಗಳನ್ನು ಹೀರುತ್ತದೆ. 26 ಡಿಗ್ರಿಯಲ್ಲಿ ಹದಿನೆಂಟರಿಂದ ಇಪ್ಪತ್ತೊಂದನೇ ದಿನದೊಳಗೆ ತಾನೇ ಬಿಡುತ್ತಾಳೆ. ಆಮೇಲೆ ಐದಾರು ದಿನ ಚೆನ್ನಾಗಿ ತಿನ್ನಿಸಿ ವಾಪಸ್ ಬಿಡಿ. ಬಡಕಲಾಗಿ ಹೋದರೆ ಗುಂಪಿನಲ್ಲಿ ಏಟು ತಿನ್ನುತ್ತಾಳೆ.

ಪ್ರತಿ ಸಲವೂ ನುಂಗುವ ಹೆಣ್ಣಿಗೆ ಮಾತ್ರ ಸ್ಟ್ರಿಪ್ ಮಾಡಬೇಕು, ಅಂದರೆ ಬಾಯಲ್ಲಿರುವುದನ್ನು ನಾವೇ ಹೊರಗೆ ತೆಗೆಯಬೇಕು. ಮೊದಲ ಒಂದೆರಡು ಸಲ ನುಂಗುವುದು ಎಲ್ಲವಕ್ಕೂ ಸಹಜ, ಅದಕ್ಕೆ ಆತುರ ಬೇಡ. ಟ್ಯಾಂಕ್ ನೀರಿನ ಬೋಗುಣಿಯ ಮೇಲೆ ಮೀನನ್ನು ತಲೆಕೆಳಗಾಗಿ ಹಿಡಿದು, ಹತ್ತಿ ತೆಗೆದ ಇಯರ್‌ಬಡ್ ಕಡ್ಡಿಯ ಮೊಂಡು ತುದಿಯಿಂದ ಕೆಳದವಡೆಯನ್ನು ಮೆಲ್ಲಗೆ ಇಳಿಸಿ, ಬಾಯನ್ನು ನೀರಿಗೆ ಅದ್ದಿ ತೆಗೆಯಿರಿ. ಮರಿಗಳು ಹೊಟ್ಟೆಗೆ ಅಂಟಿದ ಹಳದಿ ಚೀಲದ ಸಮೇತ ಜಾರುತ್ತವೆ. ಇನ್ನೂ ಮೊಟ್ಟೆಯಾಗಿದ್ದರೆ ಎಗ್ ಟಂಬ್ಲರ್ ಬೇಕು. ಒಂದಿಂಚಿನ ಅಕ್ರಿಲಿಕ್ ಕೊಳವೆ, ಎರಡೂ ತುದಿಗೆ ಜಾಲರಿ, ಕೆಳಗಿನಿಂದ ಮೇಲಕ್ಕೆ ನೀರು. ಮೊಟ್ಟೆ ನಿಧಾನವಾಗಿ ಹೊರಳಬೇಕು. ನಿಂತರೆ ಬೂಷ್ಟು ಹಿಡಿಯುತ್ತದೆ, ಕುಣಿದಾಡಿದರೆ ಚೀಲ ಒಡೆಯುತ್ತದೆ. ಬೆಳ್ಳಗಾದ ಮೊಟ್ಟೆಯನ್ನು ದಿನಾ ಇಂಕ್ ಫಿಲ್ಲರಿನಿಂದ ತೆಗೆಯಿರಿ. ಏರ್ ಪಂಪ್ ಯುಪಿಎಸ್ ಲೈನಿನಲ್ಲಿರಲಿ, ಬೇಸಿಗೆಯ ಒಂದು ಮಳೆಗೆ ಕರೆಂಟ್ ಹೋಗುವ ಊರಿದು.

ಮರಿಗಳಿಗೆ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿಯ ಮೊಟ್ಟೆ ಒಡೆಸಿ ತೆಗೆದ ಮರಿ: ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಜೋರು ಗಾಳಿ, 28 ಡಿಗ್ರಿ, ಒಂದು ದಿನ. ಬಟ್ಟೆಯಲ್ಲಿ ಸೋಸಿ, ಉಪ್ಪು ತೊಳೆದು ಹಾಕಿ. ಸಿಗದಿದ್ದರೆ ಪುಡಿ ಮಾಡಿದ ಫ್ಲೇಕ್ ಆಗುತ್ತದೆ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ. ಪರಿಚಯವಾದ ಎರಡನೇ ನಿಮಿಷಕ್ಕೆ "ನಿಮ್ದು ಯಾವೂರಾಯ್ತು?" ಅಂತ ಕೇಳುವ ಜನ ನಾವು. ಮೀನಿಗೆ ಯಾಕೆ ಕೇಳುವುದಿಲ್ಲ?

ಕೇಳಬೇಕು. ಸೌಲೋಸಿಗೆ ಇಡೀ ಭೂಮಿಯ ಮೇಲೆ ಇರುವುದು ಒಂದೇ ಊರು: ಮಲಾವಿ ಸರೋವರದ ಚಿಜುಮುಲು ದ್ವೀಪದ ಉತ್ತರಕ್ಕೆ ನೀರಿನೊಳಗಿರುವ ತೈವಾನ್ ರೀಫ್ ಅನ್ನುವ ಬಂಡೆಸಾಲು. ಹೆಸರು ನೋಡಿ "ತೈವಾನ್ ಇಂಪೋರ್ಟಾ?" ಅನ್ನಬೇಡಿ. ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದು ಹಿಡಿದು ಅದು ಅಲ್ಲಿ ಅಳಿವಿನ ಅಂಚಿಗೆ ಬಂದಿದೆ. ಟ್ರೋಫಿಯಸ್ ಡುಬೋಯ್ಸಿಯಲ್ಲಿ ತೀರದ ಜಾಗ ಬದಲಾದಂತೆ ಪಟ್ಟೆ ಬದಲಾಗುತ್ತದೆ, ಅಗಲ ಹಳದಿ ಪಟ್ಟೆಯದು ಮಸ್ವಾ ಅನ್ನುವ ಕಡೆಯದು. ಮರಿಯಾಗಿದ್ದಾಗ ಎಲ್ಲವೂ ಕಪ್ಪು ಮೈಗೆ ಬಿಳಿ ಚುಕ್ಕೆ, ಗುರುತೇ ಹತ್ತುವುದಿಲ್ಲ. ಎರಡು ಊರಿನವನ್ನು ಒಂದೇ ಟ್ಯಾಂಕಿಗೆ ಹಾಕಿದರೆ ಮುಂದಿನ ಮರಿಗೆ ಊರೇ ಇಲ್ಲ. "ಎಫ್-ವನ್" ಅಂದರೆ ಸರೋವರದಿಂದ ಹಿಡಿದ ಮೀನಿನ ನೇರ ಮರಿ ಅಂತ ಅರ್ಥ. ಅಂಗಡಿಯಲ್ಲಿ ಅದು ಚೆನ್ನಾಗಿದೆ ಅನ್ನುವುದಕ್ಕೆ ಇನ್ನೊಂದು ಹೆಸರಾಗಿಬಿಟ್ಟಿದೆ.

"ಮಿಕ್ಸ್ ಆಫ್ರಿಕನ್" ಕವರಿನಲ್ಲಿ ಬಂದದ್ದರಿಂದ ಮರಿ ಮಾಡಬೇಡಿ. ತನ್ನ ಜಾತಿಯ ಗಂಡು ಸಿಗದಿದ್ದರೆ ಹೆಣ್ಣು ಸಿಕ್ಕವನ ಜೊತೆ ಮೊಟ್ಟೆ ಇಡುತ್ತದೆ, ಸೌಲೋಸಿ ಜೊತೆ ಹಳದಿ ಲ್ಯಾಬ್ (ಮಲಾವಿಯದೇ ಇನ್ನೊಂದು ಹಳದಿ ಮೀನು) ಹಾಕಿದವರಿಗೆ ಆಗುವುದು ಅದೇ. ವಿಕ್ಟೋರಿಯಾದಲ್ಲಿ ನೀರು ಕೊಳಕಾಗಿ ಗಂಡಿನ ಬಣ್ಣ ಕಾಣದೆ ಜಾತಿಗಳು ಬೆರೆತುಹೋದವು. 1950ರ ದಶಕದಿಂದ ಬಿಟ್ಟ ನೈಲ್ ಪರ್ಚ್ ಎಂಬ ದೊಡ್ಡ ಬೇಟೆ ಮೀನು ಇನ್ನೂ ಎಷ್ಟೋ ಜಾತಿಗಳನ್ನು ತಿಂದಿತು. ಅಲ್ಲಿನ ಕೆಲವು ತಳಿಗಳು ಇವತ್ತು ಉಳಿದಿರುವುದು ಗಾಜಿನ ಪೆಟ್ಟಿಗೆಗಳಲ್ಲಿ ಮಾತ್ರ. ಕವರಿನ ಮೇಲೆ ಜಾತಿ, ಊರು, ತಂದ ಕಡೆ, ಮೂರನ್ನೂ ಬರೆದುಕೊಡದವರಿಂದ ಅಂಥ ಮೀನು ಕೊಳ್ಳಬೇಡಿ.

ಹೆಚ್ಚಾದ ಗಂಡುಗಳನ್ನು ಬೇರೆ ಬೇರೆ ಜಾತಿಯ ಗಂಡು ಮಾತ್ರ ಇಡುವ ಹವ್ಯಾಸಿಗಳಿಗೆ ಕೊಡಿ, ಹೆಣ್ಣಿಲ್ಲದ ಕಡೆ ಬೆರಕೆ ಹುಟ್ಟುವುದಿಲ್ಲ. ಕೆರೆಗೆ ಮಾತ್ರ ಬಿಡಬೇಡಿ. ನಮ್ಮ ಜಿಲೇಬಿ ಮೀನೂ ಬಾಯಲ್ಲೇ ಮರಿ ಮಾಡುವ ಆಫ್ರಿಕದ ಸಿಕ್ಲಿಡ್. 1952ರಲ್ಲಿ ಭಾರತಕ್ಕೆ ತಂದರು, ಇವತ್ತು ಬೆಂಗಳೂರಿನ ಕೆರೆಗಳ ದಡದಲ್ಲಿ ಕೇಜಿ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ.