ಡೀಲ್ ಆರ್ ನೋ ಡೀಲ್ ಪ್ರಾಜೆಕ್ಟ್: ಲೆಕ್ಕಕ್ಕೆ ಆಟಗಾರನ ಜೇಬೂ ಸೇರಿತು

ಪೈಥಾನ್‌ನಲ್ಲಿ ಬರೆಯುತ್ತಿರುವ ಪ್ರೋಗ್ರಾಂ ಈಗ 'ಡೀಲ್ ಆರ್ ನೋ ಡೀಲ್' ಎಂಬ ಟಿವಿ ಆಟವನ್ನು ಪೂರ್ತಿ ಆಡುತ್ತದೆ. ಅಮೆರಿಕದ ಶೋನ ಬೋರ್ಡನ್ನೇ ಇಟ್ಟುಕೊಂಡಿದ್ದೇನೆ. 26 ಪೆಟ್ಟಿಗೆ, ಒಂದು ಸೆಂಟ್‌ನಿಂದ 10 ಲಕ್ಷ ಡಾಲರ್‌ವರೆಗೆ. ಒಂದು ನಿಮ್ಮದು. ಉಳಿದವನ್ನು ತೆರೆಯುತ್ತಾ ಹೋಗಬೇಕು. ನಡುನಡುವೆ ಬ್ಯಾಂಕರ್ ಫೋನ್ ಮಾಡಿ, ಇಷ್ಟು ಕೊಡ್ತೀನಿ, ಆಟ ಬಿಡು ಎನ್ನುತ್ತಾನೆ. ಒಪ್ಪಿದರೆ 'ಡೀಲ್', ಬೇಡವೆಂದರೆ 'ನೋ ಡೀಲ್'; ಕೊನೆವರೆಗೂ ಬೇಡವೆಂದರೆ ನಿಮ್ಮ ಪೆಟ್ಟಿಗೆಯಲ್ಲಿದ್ದದ್ದೇ ನಿಮಗೆ.

ಬೋರ್ಡಿನ ಸರಾಸರಿ ಸುಮಾರು 1,31,478 ಡಾಲರ್. ಆದರೆ 13 ಪೆಟ್ಟಿಗೆಗಳಲ್ಲಿ ಇರುವುದು 750 ಡಾಲರ್ ಅಥವಾ ಅದಕ್ಕೂ ಕಡಿಮೆ! ಕೊನೆವರೆಗೂ 'ನೋ ಡೀಲ್' ಎಂದರೆ ಅರ್ಧದಷ್ಟು ಸಲ ಸಿಗುವುದು ಅಷ್ಟೇ. ಸರಾಸರಿಯೊಂದನ್ನೇ ನಂಬಿ ಕೂರೋಕೆ ಆಗಲ್ಲ.

ತಿಪಟೂರಿನಿಂದ ತುಮಕೂರಿಗೆ ಬಂದಿದ್ದ ದೊಡ್ಡಪ್ಪನಿಗೆ ತೋರಿಸಿದೆ. ಅವರದು ಕೊಬ್ಬರಿ ವ್ಯವಹಾರ. ಮೊದಲು ಕೇಳಿದ್ದೇ, "ಆಡೋನ ಹತ್ರ ಮುಂಚೆನೇ ಎಷ್ಟಿದೆ?" ಸಾಲ ಇದ್ದವನು ಇವತ್ತಿನ ರೇಟಿಗೇ ಮಾರುತ್ತಾನೆ, ಇಲ್ಲದವನು ಕೊಬ್ಬರಿಯನ್ನು ಅಟ್ಟದ ಮೇಲೇ ಬಿಟ್ಟು ಕಾಯುತ್ತಾನೆ, ಅಲ್ವಾ ಎಂದರು. ಸ್ವಿಸ್ ಗಣಿತಜ್ಞ ಡೇನಿಯಲ್ ಬರ್ನೂಲಿ 1738ರಲ್ಲಿ ಲಾಗರಿದಮ್ ಹಾಕಿ ಹೇಳಿದ್ದೂ ಇದನ್ನೇ: ಕೈಯಲ್ಲಿ ಹಣ ಹೆಚ್ಚಿದ್ದಷ್ಟೂ ಇನ್ನೊಂದು ಡಾಲರ್ ಸಿಕ್ಕಿದ್ದರ ಬೆಲೆ ಕಡಿಮೆ. ಅದನ್ನೇ ಕೋಡ್‌ಗೆ ಸೇರಿಸಿದೆ.

ಕೊನೆಗೆ 1 ಡಾಲರ್ ಮತ್ತು 10 ಲಕ್ಷದ ಪೆಟ್ಟಿಗೆ ಎರಡೇ ಉಳಿದಿವೆ ಎಂದುಕೊಳ್ಳಿ. ಸರಾಸರಿ 5 ಲಕ್ಷ. ಕೈಯಲ್ಲಿ ಬರೀ 50 ಸಾವಿರ ಇರುವವನಿಗೆ ಸುಮಾರು 1,79,000 ಸಿಕ್ಕರೂ ಡೀಲ್ ಎನ್ನುವುದೇ ಸರಿ. 10 ಲಕ್ಷ ಇರುವವನು 4,14,000ದವರೆಗೆ ಕಾಯಬಹುದು. ಒಂದೇ ಬೋರ್ಡು, ಎರಡು ಉತ್ತರ, ಎರಡೂ ಸರಿ. ಈ ಪ್ರಾಜೆಕ್ಟ್‌ನಲ್ಲಿ ನನಗೆ ಅತಿ ಇಷ್ಟವಾದ ಫಲಿತಾಂಶ ಇದು.

ಆ ಹೊತ್ತಿನಲ್ಲಿ ಪೆಟ್ಟಿಗೆ ಬದಲಾಯಿಸಿದರೆ ಲಾಭ ಎಂದು ಗೆಳೆಯರ ವಾದ. ಮೂರು ಬಾಗಿಲುಗಳಲ್ಲಿ ಒಂದರ ಹಿಂದೆ ಕಾರು ಇರುವ ಮಾಂಟಿ ಹಾಲ್ ಒಗಟಿನಲ್ಲಿ ಅದು ನಿಜ, ಯಾಕೆಂದರೆ ಅಲ್ಲಿ ನಿರೂಪಕನಿಗೆ ಕಾರು ಎಲ್ಲಿದೆ ಎಂದು ಗೊತ್ತು, ಬೇಕೆಂದೇ ಕಾರಿಲ್ಲದ ಬೇರೆ ಬಾಗಿಲು ತೆರೆಯುತ್ತಾನೆ. ಇಲ್ಲಿ ತೆರೆಯುವುದು ಏನೂ ಗೊತ್ತಿಲ್ಲದ ಆಟಗಾರನೇ. ಹಾಗಾಗಿ ಅರ್ಧಕ್ಕರ್ಧ. ಆ ಆಯ್ಕೆಯನ್ನು ಕೋಡ್‌ನಿಂದ ತೆಗೆದುಬಿಟ್ಟೆ.

ಇನ್ನು ಬ್ಯಾಂಕರ್. ಮೊದಲ ಸುತ್ತುಗಳಲ್ಲಿ ಅವನು ಸರಾಸರಿಗಿಂತ ತುಂಬಾ ಕಡಿಮೆ ಕೊಡುತ್ತಾನೆ, ಆಮೇಲೆ ನಿಧಾನವಾಗಿ ಅದರ ಹತ್ತಿರ ಬರುತ್ತಾನೆ. ಅಂದರೆ ಕಾದರೆ ಲಾಭವೂ ಇದೆ. ಅಪಾಯವೂ ಜಾಸ್ತಿ. ಮೊದಲೇ 10 ಲಕ್ಷದ ಪೆಟ್ಟಿಗೆ ತೆರೆದರೆ ಸರಾಸರಿ 96,737ಕ್ಕೆ ಬೀಳುತ್ತದೆ, ಒಂದು ಸೆಂಟ್‌ನದು ತೆರೆದರೆ ಏರುವುದು ಬರೀ 5,259. ಎರಡನ್ನೂ ತೂಗಿ, ಯಾವ ಸುತ್ತಿನವರೆಗೆ ಕಾಯಬೇಕು ಎಂದು ಹೇಳುವ ಭಾಗವನ್ನು ಈಗ ಬರೆಯುತ್ತಿದ್ದೇನೆ.